ಸುಟ್ಟಾಗ ಒಂದು ಗೀರು

ಮಾರ್ಚ್ 3

ಅಕ್ಕನಿಗೆ,

ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

1. ಯೋಗ್ಯತಾ ಪತ್ರದ ನವೀಕರಣಕ್ಕೆಂದು ನೀನು ಕಳಿಸಿದ ದೊಡ್ಡ ಕೋವಿ ಮತ್ತು ನಲವತ್ತು ಖಾಲಿ ಹಿತ್ತಾಳೆ ಚಿಪ್ಪುಗಳು ಫೆಬ್ರವರಿ 27ರಂದು ನಮ್ಮ ಪರೀಕ್ಷಾಲಯಕ್ಕೆ ತಲುಪಿದವು.

2. ಕೋವಿಯಲ್ಲಿ ಈಗಿರುವ ನಳಿಗೆಯನ್ನು ಒಂಬತ್ತು ವರ್ಷಗಳ ಹಿಂದೆ ನಾನೇ ಕೂರಿಸಿದ್ದೆ. ಅಂದು ಅದರೊಂದಿಗೆ, ಮತ್ತೆ ಮತ್ತೆ ಮದ್ದು ತುಂಬಿ ಹಾರಿಸಬಹುದಾದ ನೂರ ಇಪ್ಪತ್ತು ಹೊಸ ಚಿಪ್ಪುಗಳನ್ನು ಕೊಟ್ಟಿದ್ದೆ.

3. ಅವುಗಳಲ್ಲಿ ಎಂಬತ್ತು, ಅಪ್ಪನ ನಿಯಮದಂತೆ ಅಂಚಿನಲ್ಲಿ ಆರು ಗೀರು ತುಂಬಿ, ಕರಗಿಸಲು ಹೋಗಿವೆಯೆಂದು ನೀನೇ ಅರ್ಜಿಯಲ್ಲಿ ತಿಳಿಸಿದ್ದೀಯೆ. ಉಳಿದ ನಲವತ್ತರಲ್ಲಿ ತಲಾ ನಾಲ್ಕು ಗೀರುಗಳಿವೆ.

4. ಗೀರಿಗೊಂದು ಗುಂಡಿನಂತೆ ಈ ನಳಿಗೆಯಲ್ಲಿ ಹಾರಿದ ಗುಂಡುಗಳು 640.

5. ಗುಂಡು ಚಿಪ್ಪು ಬಿಟ್ಟು ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಮೊದಲು ಕಚ್ಚುವ ಜಾಗವನ್ನು ಅಪ್ಪ ಗಂಟಲು ಎನ್ನುತ್ತಿದ್ದರು. ಮದ್ದಿನ ಬೆಂಕಿ ಆ ಗಂಟಲನ್ನು ಪ್ರತಿ ಗುಂಡಿಗೂ ಒಂದಿಷ್ಟು ತಿನ್ನುತ್ತದೆ. 640 ಗುಂಡಿಗೆ ಅದು 0.4 ಮಿಲಿಮೀಟರ್ ಸವೆದಿರಬೇಕು. ಸವೆದಿರುವುದು 1.2. ಮೂರು ದಿನ, ಮೂರು ಬೇರೆ ಉಪಕರಣಗಳಿಂದ ಅಳೆದೆ.

6. 1.2 ಎಂದರೆ ಸುಮಾರು 1,900 ಗುಂಡು. ತಿರಸ್ಕರಿಸುವ ಮಿತಿ 1.5 ಆದುದರಿಂದ ನಳಿಗೆಗೆ ಇನ್ನೂ ಆಯುಸ್ಸಿದೆ. ಆದರೆ ಯೋಗ್ಯತಾ ಪತ್ರದಲ್ಲಿ ಗುಂಡಿನ ಸಂಖ್ಯೆಯನ್ನು ನಮೂದಿಸಿ ನಾನು ಸಹಿ ಮಾಡಬೇಕು. ನನಗೆ ಎರಡು ಸಂಖ್ಯೆಗಳಿವೆ.

ಎಲ್ಲಿಯೋ ನನ್ನ ತಿಳಿವಳಿಕೆಗೆ ಬಾರದ ಸಂಗತಿಯೊಂದು ಇದೆ. ನಿನಗೆ ಹೊಳೆದರೆ ಬರೆ.

ಭಾವನವರಿಗೆ ನಮಸ್ಕಾರ ತಿಳಿಸು.

ತಮ್ಮ


ಮಾರ್ಚ್ 11

ನನ್ನ ಅಳತೆಗೋಲೇ,

ಕ್ಷೇಮವಾ ಅಂತ ಒಂದು ಮಾತು ಕೇಳೋಕೆ ಆರು ನಂಬರಲ್ಲಿ ಜಾಗ ಸಿಗಲಿಲ್ಲವೇನೋ. ಇರಲಿ, ನಾವಂತೂ ಚೆನ್ನಾಗಿದ್ದೀವಿ. ನಿನಗೆ ಅಪ್ಪ ಆ ಹೆಸರು ಸುಮ್ಮನೆ ಇಟ್ಟಿದ್ದಲ್ಲ. ಅನ್ನ ಬಡಿಸಿದರೂ ಅಕ್ಕನಿಗೆಷ್ಟು ನನಗೆಷ್ಟು ಅಂತ ಬೆರಳಲ್ಲಿ ಅಳೀತಿದ್ದೆ. ಅಕ್ಕನ ತಟ್ಟೆ ಅಳೆದರೆ ನಿನ್ನ ಹೊಟ್ಟೆ ತುಂಬುತ್ತಾ ಅಂತ ಅಮ್ಮ ನಗೋರು.

ನಿನ್ನ ಪ್ರಶ್ನೆ ಓದಿದೆ, ಎರಡು ಸಲ ಓದಿದೆ, ಅರ್ಥ ಆಗಲಿಲ್ಲ. ಕೋವಿ ನನ್ನ ಕೈ ಬಿಟ್ಟು ಬೇರೆಯವರ ಕೈಗೆ ಹೋಗಿಲ್ಲ. ಭಾನುವಾರಕ್ಕೆ ನಾಲ್ಕು ಗುಂಡು, ಗುರಿ ತಪ್ಪಬಾರದು ಅಂತ. ಜ್ವರ ಬಂದರೂ ಬಿಟ್ಟಿಲ್ಲ. ಅದು ಬಿಟ್ಟರೆ ಕೆಲಸಕ್ಕೆ ಅಂತ ಹಾರಿಸಿದ್ದು ವರ್ಷಕ್ಕೆ ನಾಲ್ಕೋ ಐದೋ. ಚಿಪ್ಪಿನ ಕೆಲಸವೂ ಅಪ್ಪ ಹೇಳಿಕೊಟ್ಟ ಹಾಗೇನೆ. ತೊಳೆಯೋದು, ಬಾಯಿ ಸುಟ್ಟು ನೀರಿಗೆ ಅದ್ದೋದು, ಗೀರು ಹಾಕೋದು. ಒರೆಸಿ ಫಳಫಳ ಮಾಡೋದು ನಿನ್ನ ಭಾವ. ಶಿಬಿರದ ಉಗ್ರಾಣದ ಲೆಕ್ಕ ಬರೆದು ಕೈ ನೋವು ಅಂತಾರೆ, ಹಿತ್ತಾಳೆ ಉಜ್ಜೋಕೆ ಮಾತ್ರ ನೋವಿಲ್ಲ.

ಏನೇ ಆಗಲಿ, ಏಪ್ರಿಲ್ ಹತ್ತರೊಳಗೆ ಕೋವಿ ಇಲ್ಲಿರಬೇಕು. ಹನ್ನೆರಡಕ್ಕೆ ಮರ ಕಡಿಯೋರು ಅರವತ್ತು ಜನ ಕಾಡೊಳಗೆ ಹೋಗ್ತಾರೆ. ಹಳ್ಳದ ಆಚೆ ಒಂದು ಒಂಟಿ ಕಾಡೆಮ್ಮೆ ಇದೆ, ಗೂಳಿ, ಹೋದ ವರ್ಷ ಯಾರದೋ ಗುಂಡು ತಿಂದು ಕುಂಟ್ತಾ ಇರೋದು. ಅದರ ಎದುರಿಗೆ ನನ್ನ ಸಣ್ಣ ಬಂದೂಕು ಹಿಡಿದರೆ ಆನೆಗೆ ಸೊಳ್ಳೆ ಕಚ್ಚಿದ ಹಾಗೆ. ಶಿಬಿರದವರು ನನ್ನನ್ನ ಕಾವಲಿಗೆ ಇಟ್ಟುಕೊಂಡಿರೋದೇ ಆ ದೊಡ್ಡ ಕೋವಿಯ ಧೈರ್ಯದ ಮೇಲೆ.

ಅಕ್ಕ


ಮಾರ್ಚ್ 19

ಅಕ್ಕನಿಗೆ,

ನಿನ್ನ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ಗುಣಿಸಿದೆ. ಭಾನುವಾರಕ್ಕೆ ನಾಲ್ಕರಂತೆ ಒಂಬತ್ತು ವರ್ಷಕ್ಕೆ 1,872. ಕೆಲಸಕ್ಕೆಂದು ಹಾರಿಸಿದವು ಸೇರಿದರೆ ನಳಿಗೆ ಹೇಳುವ ಸಂಖ್ಯೆಗೆ ಬಹಳ ಹತ್ತಿರ. ಇದರಿಂದ ನನ್ನ ಗೊಂದಲ ತೀರಬೇಕಿತ್ತು, ಆದರೆ ಹೆಚ್ಚಾಯಿತು. ಏಕೆಂದರೆ ಹಾಗಾದರೆ ಚಿಪ್ಪುಗಳು ಸುಳ್ಳು ಹೇಳುತ್ತಿವೆ. ಹಿತ್ತಾಳೆಗೆ ಸುಳ್ಳು ಹೇಳುವ ಅಗತ್ಯವಿಲ್ಲ.

ನಿನ್ನ ಸಂಖ್ಯೆ ನನ್ನ ಪತ್ರ ಓದಿದ ಮೇಲೆ ಬಂದದ್ದು ಎಂಬುದನ್ನೂ ನಾನು ಗಮನಿಸಬೇಕಾಗಿದೆ. ಯಾರಿಗಾದರೂ ತೊಂದರೆಯಾಗದಿರಲೆಂದು ಒಬ್ಬರು ಲೆಕ್ಕವನ್ನು ಸರಿಹೊಂದಿಸಿ ಹೇಳುವುದು ಉಂಟು. ನೀನು ಹಾಗೆ ಮಾಡಿದ್ದೀಯೆಂದು ನಾನು ಹೇಳುತ್ತಿಲ್ಲ.

ಒಂದೇ ಪ್ರಶ್ನೆ. ಕೋವಿಯ ಪೆಟ್ಟಿಗೆಯ ಎರಡನೆಯ ಬೀಗದ ಕೈ ಯಾರ ಬಳಿ ಇರುತ್ತದೆ? ಭಾವನವರು ಕೊಡುಗೈ ದೊರೆಗಳು. ಇಪ್ಪತ್ತು ವರ್ಷಗಳ ಹಿಂದೆ ನಾನು ಮಟ್ಟ ನೋಡುವ ದುರ್ಬೀನನ್ನು ಯಾರೋ ಪರಿಚಯದವರಿಗೆ ಎರಡು ದಿನಕ್ಕೆಂದು ಕೊಟ್ಟರು. ಅದು ಮೂರು ತಿಂಗಳ ಮೇಲೆ ಮಸೂರ ಒಡೆದು ಬಂತು. ಅದನ್ನು ನಾನು ಮರೆತಿದ್ದೇನೆ. ಹೊರಗಿನವರು ತಮ್ಮ ಚಿಪ್ಪುಗಳೊಂದಿಗೆ ಬಂದು ನಮ್ಮ ನಳಿಗೆಯಲ್ಲಿ ಹಾರಿಸಿದ್ದರೆ ಗೀರು ಕಡಿಮೆ, ಸವೆತ ಹೆಚ್ಚು, ಎರಡಕ್ಕೂ ಉತ್ತರ ಸಿಗುತ್ತದೆ. ಬೇರೆ ಉತ್ತರ ನನಗೆ ಕಾಣುತ್ತಿಲ್ಲ.

ಕ್ರಮದಂತೆ ಆಗಬೇಕಾದದ್ದು ಆಗುತ್ತದೆ. ನೀನು ಚಿಂತಿಸಬೇಡ.

ತಮ್ಮ


ಏಪ್ರಿಲ್ 2

ತಮ್ಮಾ,

ಬೀಗದ ಕೈ ನಿನ್ನ ಭಾವನ ಹತ್ತಿರ ಇತ್ತು. ಈಗ ಪರವಾನಗಿ ಅಧಿಕಾರಿಗಳ ಹತ್ತಿರ ಇದೆ.

ಹೋದ ಗುರುವಾರ ಅವರು ಬಂದರು. ಉಗ್ರಾಣದ ಹಲಗೆ ಬಾಗಿಲಲ್ಲೇ ನಿಂತು ನಿನ್ನ ಭಾವನನ್ನ ಎರಡು ಗಂಟೆ ಕೇಳಿದರು. ಕೋವಿ ಯಾರಿಗೆ ಕೊಟ್ಟಿದ್ದಿರಿ, ಎಷ್ಟು ಸಲ, ಅವರ ಹೆಸರೇನು. ಕೂಲಿಯವರೆಲ್ಲ ಹಗ್ಗ ಇಸ್ಕೊಳ್ಳೋಕೆ ಬಂದು ಸಾಲಾಗಿ ನಿಂತಿದ್ದರು. ಇವರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಸಂಕಟ. "ಸ್ವಾಮಿ, ನಾನು ಕೇಳಿದವರಿಗೆ ಹಲ್ಲುಜ್ಜೋ ಬ್ರಷ್ಷೂ ಕೊಟ್ಟೇನು, ಅವಳ ಕೋವಿ ಮಾತ್ರ ಮುಟ್ಟಲ್ಲ, ಅವಳು ಸುಮ್ಮನೆ ಬಿಡೋಳಲ್ಲ" ಅಂದರು. ಅಧಿಕಾರಿ ಅದನ್ನೂ ಬರ್ಕೊಂಡರು.

ಯಾವನೋ ಪುಣ್ಯಾತ್ಮ ದೂರು ಬರೆದಿದ್ದಾನಂತೆ. ನೀನು ಇಲಾಖೆ ಒಳಗಿರೋನು. ಯಾರು ಬರೆದದ್ದು ಅಂತ ಸ್ವಲ್ಪ ತಿಳ್ಕೊಂಡು ಹೇಳ್ತೀಯಾ?

ಹತ್ತನೇ ತಾರೀಖು ಹತ್ತಿರ ಬಂತು. ಕೋವಿ.

ಅಕ್ಕ


ಏಪ್ರಿಲ್ 9

ಅಕ್ಕನಿಗೆ,

ದೂರುಗಳು ಪರವಾನಗಿ ವಿಭಾಗಕ್ಕೆ ಸೇರಿದವು. ಪರೀಕ್ಷಾಲಯದ ಕಡತದಲ್ಲಿ ಅವುಗಳ ವಿವರ ಇರುವುದಿಲ್ಲ. ವಿಚಾರಣೆಗಳು ಸಾಮಾನ್ಯವಾಗಿ ಆರು ವಾರದಲ್ಲಿ ಮುಗಿಯುತ್ತವೆ. ಅಲ್ಲಿಯವರೆಗೆ ಕೋವಿಯನ್ನು ಕಳಿಸುವಂತಿಲ್ಲ. ಮರ ಕಡಿಯುವವರನ್ನು ಅಷ್ಟು ದಿನ ತಡೆಯಲಾಗದೇ ಎಂದು ಶಿಬಿರದ ಮೇಲಧಿಕಾರಿಗಳನ್ನು ಕೇಳು.

ಈ ನಡುವೆ ಒಂದು ಚಿಪ್ಪನ್ನು ಉದ್ದಕ್ಕೆ ಎರಡು ಹೋಳಾಗಿ ಕೊಯ್ದು ನೋಡಿದೆ. ಪ್ರತಿ ಗುಂಡಿಗೂ ಹಿತ್ತಾಳೆ ಒಂದಿಷ್ಟು ಹಿಗ್ಗಿ ಮುಂದಕ್ಕೆ ಹರಿಯುತ್ತದೆ. ಹರಿದಷ್ಟೂ ಬುಡದ ಮೇಲ್ಗಡೆಯ ಗೋಡೆ ಒಳಗೊಳಗೇ ತೆಳುವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನಿನ್ನ ಚಿಪ್ಪಿನಲ್ಲಿ ಆ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಆಳದ ಉಂಗುರವೇ ಇದೆ. ನಾಲ್ಕು ಗುಂಡಿಗೆ ಹೀಗಾಗುವುದಿಲ್ಲ. ಹತ್ತು ಹನ್ನೆರಡಕ್ಕೆ ಆಗಬಹುದು. ಅಂದರೆ ಹೊರಗಿನವರು ಹಾರಿಸಿದ್ದು ನಿನ್ನ ಚಿಪ್ಪುಗಳಲ್ಲೇ, ಗೀರು ಹಾಕದೆ. ಮಾರ್ಚ್ 19ರ ನನ್ನ ಊಹೆಯ ಅರ್ಧ ಇಲ್ಲಿಗೆ ಬಿದ್ದುಹೋಯಿತು. ಉಳಿದರ್ಧ ಇನ್ನಷ್ಟು ಗಟ್ಟಿಯಾಯಿತೋ ಅದೂ ಅಲುಗಾಡುತ್ತಿದೆಯೋ, ಹೇಳಲಾರೆ.

ಅಪ್ಪನ ನಿಯಮದಲ್ಲಿ ತಪ್ಪಿಲ್ಲ. ಅವರ ಐದು ಗೀರಿನ ಚಿಪ್ಪು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಆರನೆಯದಕ್ಕೆ ಮೊದಲೇ ಅವರು ಕೈಯೊರೆಸಿಕೊಂಡು ಬದಿಗಿಟ್ಟದ್ದು. ಕೆಲಸದಲ್ಲಿ ಸಂದೇಹ ಬಂದಾಗಲೆಲ್ಲ ಅದನ್ನು ತೆಗೆದು ನೋಡುತ್ತೇನೆ.

ತಮ್ಮ


ಏಪ್ರಿಲ್ 24

ತಮ್ಮನಿಗೆ,

ನಿನ್ನ ಭಾವ ಮಲಗಿಬಿಟ್ಟಿದ್ದಾರೆ. ಕೋವಿಗೆ ಈಗ ಅವಸರ ಇಲ್ಲ. ನಿಧಾನವಾಗಿ ಅಳೆದು ಕಳಿಸು.

ಅಕ್ಕ


ಏಪ್ರಿಲ್ 30

ಅಕ್ಕನಿಗೆ,

ನಿನ್ನ ಎರಡು ಸಾಲಿನ ಪತ್ರ ಬಂತು. ಭಾವನವರು ಮುನಿಸಿಕೊಂಡು ಮಲಗುವುದು ಹೊಸದೇನಲ್ಲ. ದುರ್ಬೀನಿನ ಸಮಯದಲ್ಲೂ ಎರಡು ದಿನ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು, ಕೊನೆಗೆ ನಾನೇ ಹೋಗಿ ಎಬ್ಬಿಸಬೇಕಾಯಿತು. ವಿಚಾರಣೆಯೆಂದರೆ ಆರೋಪವಲ್ಲ ಎಂದು ಅವರಿಗೆ ಹೇಳು. ಅವಸರವಿಲ್ಲವೆಂದು ತಿಳಿದು ನನಗೂ ಸಮಾಧಾನವಾಯಿತು.

ಆದರೆ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ಉಳಿದ ಮೂವತ್ತೊಂಬತ್ತು ಚಿಪ್ಪುಗಳನ್ನೂ ಕೊಯ್ದೆ. ಮೂವತ್ತೊಂಬತ್ತರಲ್ಲಿಯೂ ಒಂದೇ ಆಳದ ಉಂಗುರ. ಯಾರೋ ಕದ್ದು ಹಾರಿಸಿದ್ದರೆ ಕೈಗೆ ಸಿಕ್ಕಿದ್ದನ್ನು ಹಾರಿಸುತ್ತಿದ್ದರು. ಕೆಲವು ಹೆಚ್ಚು ಸವೆದು ಕೆಲವು ಹಾಗೆಯೇ ಇರಬೇಕಿತ್ತು. ಇಲ್ಲಿ ನಲವತ್ತೂ ಒಂದೇ ತಾಯಿಯ ಮಕ್ಕಳಂತೆ ಸವೆದಿವೆ. ಇಷ್ಟು ಶಿಸ್ತಿನ ಕಳ್ಳನನ್ನು ನಾನು ಊಹಿಸಲಾರೆ. ಅಷ್ಟು ಶಿಸ್ತಿರುವುದು ನಿನಗೊಬ್ಬಳಿಗೇ.

ಆದ್ದರಿಂದ ಮಾರ್ಚ್ ಮೂರರಂದೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳುತ್ತಿದ್ದೇನೆ. ನೀನು ಗೀರು ಹಾಕುವುದು ಯಾವಾಗ? ಯಾವ ಕೆಲಸ ಮುಗಿಸಿ ಗೀರು ಹಾಕುವ ಅರ ಕೈಗೆತ್ತಿಕೊಳ್ಳುತ್ತೀಯೆ? ಒಂದನ್ನೂ ಬಿಡದೆ ಬರೆ.

ತಮ್ಮ


ಮೇ 10

ಅಳತೆಗೋಲೇ,

ಬರೆಯಬಾರದು ಅಂತಿದ್ದೆ. ನಿನ್ನ ಭಾವನೇ ಬರೆಸ್ತಿದ್ದಾರೆ, ಮಂಚದ ಮೇಲಿಂದ.

ಮೊದಲು ನಿನ್ನ ಪ್ರಶ್ನೆ. ಒಂದು ಚಿಪ್ಪನ್ನ ಮೂರು ಸಲ ಹಾರಿಸ್ತೀನಿ. ಮೂರಕ್ಕೆ ಬಾಯಿ ಗಡುಸಾಗುತ್ತೆ, ಬಿಟ್ಟರೆ ಸೀಳುತ್ತೆ. ಆಗ ಬಾಯನ್ನ ಉರೀಲಿ ಹಿಡಿದು ಸುಟ್ಟು, ಬಣ್ಣ ತಿರುಗಿದ ಕೂಡಲೇ ನೀರಿಗೆ ಹಾಕಿ ಮೆತ್ತಗೆ ಮಾಡ್ತೀನಿ. ಸುಟ್ಟಾಗ ಒಂದು ಗೀರು. ಆರು ಗೀರಾದರೆ ಕರಗಿಸೋದು. ಅಪ್ಪ ಹೇಳಿದ್ದು ಹಾಗೇ ಅಲ್ವಾ? ಅವರ ಬಾಯಿಂದ ಕೇಳಿದ್ದು ಮರೆತಿದ್ದರೆ ನೀನು ಪರವಾನಗಿದಾರರಿಗೆ ಅಚ್ಚು ಹಾಕಿಸಿದ ಕೈಪಿಡೀಲಿ ನೋಡು, ಒಂಬತ್ತನೇ ಪುಟ: "ಚಿಪ್ಪನ್ನು ಸುಟ್ಟಾಗಲೆಲ್ಲ ಒಂದು ಗೀರು, ಆರು ಗೀರಿಗೆ ಕರಗಿಸು." ಚಿಪ್ಪನ್ನ ಸುಡೋದು ಅಂದರೆ ಬೇರೆ ಏನು?

ಅಂತ ಬರೆದು, ಇವರಿಗೆ ಓದಿ ಹೇಳಿ, ಪೆನ್ನು ಕೆಳಗಿಟ್ಟೆ. ಇವರು ಮಲಗಿದ್ದಲ್ಲಿಂದ ನಕ್ಕರು, ನಕ್ಕಿದ್ದಕ್ಕೆ ನೋವಾಗಿ ಬೈದುಕೊಂಡರು. "ನಿಮ್ಮಪ್ಪ ಕೋವಿ ಹಾರಿಸೋದು ಅಂತ ಯಾವತ್ತು ಅಂದಿದ್ದರು? ಇವತ್ತು ಎರಡು ಸುಟ್ಟೆ, ನಾಳೆ ನಾಲ್ಕು ಸುಡ್ತೀನಿ ಅಂತಿದ್ದರು. ನಿನಗೆ ಸುಡೋದು ಅಂದರೆ ಒಲೆ, ಅವನಿಗೆ ಸುಡೋದು ಅಂದರೆ ಕೋವಿ. ಅಕ್ಕ ತಮ್ಮ ಇಬ್ಬರೂ ಒಂದೇ ಮಾತು ಹಿಡ್ಕೊಂಡು ನಲವತ್ತು ವರ್ಷ ಬೇರೆ ಬೇರೆ ದಾರೀಲಿ ಹೋಗಿದ್ದೀರಿ." ಕಡತ ಓದದ ಮನುಷ್ಯ ಹೇಳಿದ್ದು ಇದು. ಅಪ್ಪ ಯಾವ ಸುಡೋದು ಅಂದ್ಕೊಂಡಿದ್ದರೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿರಲಾರದು.

ಇನ್ನು ಇವರು ಮಲಗಿದ ವಿಷಯ. ಗೋಡೆ ಕಡೆ ಮುಖ ಮಾಡಿ ಮಲಗಿಲ್ಲ, ಆ ಕಡೆ ತಿರುಗೋಕೆ ಆಗಲ್ಲ. ಕೆಲಸ ನಿಲ್ಲಿಸೋಕೆ ಮೇಲಿನವರು ಒಪ್ಪಲಿಲ್ಲ. ಏಪ್ರಿಲ್ ಇಪ್ಪತ್ತೊಂದಕ್ಕೆ ಆ ಕುಂಟ ಗೂಳಿ ಕಡಿತದ ಜಾಗಕ್ಕೇ ನುಗ್ಗಿತು. ನಾನು ಸಣ್ಣ ಬಂದೂಕಲ್ಲಿ ಎರಡು ಹೊಡೆದೆ, ಅದು ತಲೆ ಕೊಡವಿತು ಅಷ್ಟೆ. ಇವರು ಖಾಲಿ ಎಣ್ಣೆ ಡಬ್ಬ ಬಡೀತಾ ಅದನ್ನ ತಮ್ಮ ಕಡೆ ಎಳ್ಕೊಂಡು ಹೋದರು. ಕೂಲಿಯವರು ಯಾರಿಗೂ ಏನೂ ಆಗಲಿಲ್ಲ. ಇವರಿಗೆ ಮೂರು ಪಕ್ಕೆಲುಬು ಮುರಿದಿದೆ, ತೊಡೆ ಹರಿದು ಹೊಲಿಗೆ ಬಿದ್ದಿದೆ. ಎದ್ದು ಓಡಾಡ್ತಾರಂತೆ, ಆದರೆ ಮೊದಲಿನ ಹಾಗಲ್ಲ, ಡಾಕ್ಟರು ಹಾಗಂದರು.

ನಿನಗೆ ಯಾಕೆ ಬರೆಯಲಿಲ್ಲ ಅಂದರೆ, ದೂರು ಬರೆದೋನು ಯಾರು ಅಂತ ನಾನು ಕೇಳಿದ್ದೆನಲ್ಲ, ಅವತ್ತೇ ನನಗೆ ಗೊತ್ತಿತ್ತು. ಅಧಿಕಾರಿ ಕಾಗದದ ಮೇಲೆ ಕೈ ಮುಚ್ಚಿ ಹಿಡಿದಿದ್ದರು. ಸಹಿ ಕಾಣಲಿಲ್ಲ. ಎಡಗಡೆ ಅಂಚು ಕಾಣಿಸ್ತು. ಒಂದು, ಎರಡು, ಮೂರು, ನಾಲ್ಕು ಅಂತ ನಂಬರು ಹಾಕಿತ್ತು. ಲೋಕದಲ್ಲಿ ಸ್ವಂತ ಭಾವನ ಮೇಲೆ ನಂಬರು ಹಾಕಿ ದೂರು ಕೊಡೋನು ಒಬ್ಬನೇ. ನೀನೇ ಹೇಳ್ತೀಯೇನೋ ಅಂತ ಕೇಳಿದೆ. ನೀನು ಕಡತದ ವಿಷಯ ಬರೆದೆ.

ಇವರಿಗೆ ಹೇಳಿರಲಿಲ್ಲ. ಮೊನ್ನೆ ಹೇಳಿದೆ. "ಅವನ ದುರ್ಬೀನು ಯಾರಿಗೋ ಕೊಟ್ಟು ಒಡೆಸಿದ್ದು ನಾನೇ ಅಲ್ವಾ" ಅಂದರು. ಆಮೇಲೆ, "ನನ್ನ ಪಕ್ಕೆಲುಬಿಗೆ ಮೂರು ಗೀರು ಬಿದ್ದಿದೆ, ಇನ್ನೂ ಮೂರು ಬಾಕಿ ಇದೆ, ಈಗಲೇ ಕರಗಿಸಬೇಡ ಅಂತ ನಿನ್ನ ತಮ್ಮನಿಗೆ ಬರಿ" ಅಂದರು. ಬರೆದಿದ್ದೀನಿ.

ನಿನ್ನ ಖಾನೇಲಿರೋ ಚಿಪ್ಪಿನ ವಿಷಯ ಒಂದಿದೆ, ಹೇಳಲೋ ಬೇಡವೋ ಅಂತ ಇಷ್ಟು ಹೊತ್ತು ಯೋಚಿಸಿದೆ. ಅದು ಹಾರಿಸಿದ್ದಲ್ಲ ಕಣೋ. ನಿನಗೆ ನಾಲ್ಕು ವರ್ಷ, ನನಗೆ ಹನ್ನೆರಡು. ಅಪ್ಪನ ಕೆಲಸದ ಬೆಂಚಿನ ಹತ್ತಿರ ನೀನು ಹಟ ಮಾಡ್ತಿದ್ದೆ ಅಂತ ಅಪ್ಪ ಒಂದು ಹೊಸ ಚಿಪ್ಪು ಕೊಟ್ಟರು. ನಾನು ನಿನ್ನ ಕೈ ಹಿಡಿದು ಅರದಲ್ಲಿ ಗೀರು ಹಾಕಿಸಿದೆ. ಐದೇ ಯಾಕೆ ಅಂದರೆ, ನಿನಗೆ ಆಗ ಐದರ ತನಕ ಎಣಿಸೋಕೆ ಬರ್ತಿತ್ತು.

ಅಕ್ಕ


ಮೇ 18

ಅಕ್ಕನಿಗೆ, ಭಾವನವರಿಗೆ,

ಈ ಪತ್ರಕ್ಕೆ ಸಂಖ್ಯೆಗಳನ್ನು ಹಾಕಿಲ್ಲ.

ಮಾರ್ಚ್ 18ರಂದು ಪರವಾನಗಿ ವಿಭಾಗಕ್ಕೆ ದೂರು ಬರೆದವನು ನಾನು. ನಿನಗೆ ಎರಡನೆಯ ಪತ್ರವನ್ನು ಬರೆಯುವ ಹಿಂದಿನ ದಿನ. ಇದನ್ನು ನೀನು ಕೇಳಿದಾಗ ಹೇಳಬೇಕಿತ್ತು. ಹೇಳುವುದಕ್ಕೆ ಪದಗಳು ಸಿಗಲಿಲ್ಲವೆಂದು ಬರೆಯಲು ಹೊರಟೆ, ಅದು ನಿಜವಲ್ಲ. ಪದಗಳಿದ್ದವು.

ನಿನ್ನ ಪತ್ರ ಬಂದ ದಿನ ಅಪ್ಪನ ಚಿಪ್ಪನ್ನು ಖಾನೆಯಿಂದ ತೆಗೆದೆ. ಇಪ್ಪತ್ತಾರು ವರ್ಷಗಳಿಂದ ಈ ಕೋಣೆಗೆ ಬಂದದ್ದನ್ನೆಲ್ಲ ಅಳೆದಿದ್ದೇನೆ, ಅದೊಂದನ್ನು ಅಳೆದಿರಲಿಲ್ಲ. ಅಪ್ಪನದು ಎಂದು. ಉದ್ದಕ್ಕೆ ಕೊಯ್ದೆ. ಗೋಡೆ ಬುಡದಿಂದ ಬಾಯಿಯವರೆಗೆ ಕಾರ್ಖಾನೆಯಿಂದ ಬಂದ ದಪ್ಪದಲ್ಲೇ ಇದೆ. ಅದು ಒಮ್ಮೆಯೂ ಹಾರಿಲ್ಲ, ಒಮ್ಮೆಯೂ ಉರಿಗೆ ಹೋಗಿಲ್ಲ. ಸಂದೇಹ ಬಂದಾಗಲೆಲ್ಲ ನಾನು ತೆಗೆದು ನೋಡುತ್ತಿದ್ದದ್ದು ನನ್ನದೇ ಗೀರುಗಳನ್ನು.

ಹೀಗಾಗಿ ಅಪ್ಪನ ಮಾತಿನ ಅರ್ಥ ಯಾವುದೆಂದು ತಿಳಿಯುವ ದಾರಿ ಈಗ ಇಲ್ಲ. ನನ್ನ ಅರ್ಥವೇ ಸರಿಯೆಂದಾದರೆ ನೀನು ಒಂಬತ್ತು ವರ್ಷ ಪ್ರತಿ ಭಾನುವಾರ ಕೆನ್ನೆಯ ಪಕ್ಕದಲ್ಲಿ ಅಪಾಯವನ್ನು ಇಟ್ಟುಕೊಂಡು ಗುರಿ ಹಿಡಿದೆ. ನಿನ್ನ ಅರ್ಥವೇ ಸರಿಯೆಂದಾದರೆ ನಾನು ಒಳ್ಳೆಯ ಹಿತ್ತಾಳೆಯನ್ನು ವರ್ಷಗಟ್ಟಲೆ ಕರಗಿಸಿದೆ. ನಿನ್ನ ಎಂಬತ್ತು ಚಿಪ್ಪುಗಳು ಹದಿನೆಂಟು ಗುಂಡು ತಾಳಿದವು. ಈ ನಲವತ್ತರ ಉಂಗುರ ನೋಡಿದರೆ ಹದಿಮೂರನೆಯದಕ್ಕೇ ತುಂಡಾಗಬಹುದಿತ್ತು ಎನಿಸುತ್ತದೆ. ತುಂಡಾಗಿದ್ದರೆ ಉರಿ ನಿನ್ನ ಕಣ್ಣಿಗೆ ಬರುತ್ತಿತ್ತು. ಕೋವಿಯನ್ನು ನಾನು ಹಿಡಿದಿಟ್ಟದ್ದರಿಂದ ಅದು ತಪ್ಪಿತೇ? ಅದರಿಂದಲೇ ಭಾವನವರು ಬಿದ್ದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಡಲು ಮೂರು ದಿನ ಪ್ರಯತ್ನಿಸಿದೆ. ಅದು ನನ್ನಿಂದ ಆಗುವ ಅಳತೆಯಲ್ಲ. ನನ್ನ ಪರವಾಗಿಯೂ ಇದನ್ನು ಬರೆಯುತ್ತಿಲ್ಲ.

ನನಗೆ ಖಚಿತವಾಗಿ ತಿಳಿದಿರುವುದು ಒಂದೇ. ಆ ಸಾಲನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿದವನು ನಾನು. ಕರಡು ತಿದ್ದುವಾಗ ಅಚ್ಚುಮನೆಯವರು, "ಸುಟ್ಟಾಗ ಅಂದರೆ ಹಾರಿಸಿದಾಗ ಅಂತಲಾ ಸಾರ್, ಹಾಗೇ ಹಾಕಿಬಿಡಲಾ?" ಎಂದು ಕೇಳಿದ್ದರು. ಅಪ್ಪನ ಮಾತು, ಹಾಗೆಯೇ ಇರಲಿ ಎಂದಿದ್ದೆ. ಆ ಪುಟವನ್ನು ನೋಡಿ ಚಿಪ್ಪು ಸುಡುವವರು ನೀನೊಬ್ಬಳೇ ಅಲ್ಲ. ಉಳಿದವರು ಯಾವ ಅರ್ಥದಲ್ಲಿ ಸುಡುತ್ತಿದ್ದಾರೆಂದು ನನಗೆ ಗೊತ್ತಿಲ್ಲ.

ತೀರ್ಮಾನಿಸಿದ್ದು ಹೀಗೆ. ಭಾವನವರ ಮೇಲಿನ ದೂರು ಸುಳ್ಳು, ಅದಕ್ಕೆ ಕಾರಣ ನನ್ನ ತಪ್ಪು ಎಂದು ಪರವಾನಗಿ ವಿಭಾಗಕ್ಕೆ ಇಂದು ಬರೆದುಕೊಟ್ಟೆ. ಒಂಬತ್ತನೆಯ ಪುಟವನ್ನು ಹಿಂತೆಗೆದುಕೊಳ್ಳುವಂತೆ ಪರವಾನಗಿದಾರರೆಲ್ಲರಿಗೂ ಪತ್ರ ಹೋಗುತ್ತಿದೆ. ಹೊಸ ಪುಟದಲ್ಲಿ "ಹಾರಿಸಿದಾಗ" ಎಂದಿದೆ. ಯೋಗ್ಯತಾ ಪತ್ರದಲ್ಲಿ 1,920 ಎಂದು ಬರೆದು ಸಹಿ ಮಾಡಿದೆ. ಅದು ನನ್ನ ಕೊನೆಯ ಸಹಿ. ಪರೀಕ್ಷಕನ ಮುದ್ರೆಯನ್ನು ಇಲಾಖೆಗೆ ಹಿಂದಿರುಗಿಸಿದ್ದೇನೆ. ಇಪ್ಪತ್ತೆರಡರಂದು ಕೋವಿಯನ್ನೂ ನಲವತ್ತು ಹೊಸ ಚಿಪ್ಪುಗಳನ್ನೂ ತೆಗೆದುಕೊಂಡು ನಾನೇ ಬರುತ್ತೇನೆ. ಮೊದಲು ಭಾವನವರ ಮಂಚದ ಬಳಿಗೆ ಬರುತ್ತೇನೆ.

ತಮ್ಮ